ಆರಕ್ಕೆ ಹಡಗು ಅಂದರೆ ನೀವು ಎಷ್ಟಕ್ಕೆ?

ಬಂದರುಕಟ್ಟೆ: ಓದುಗರ ಪ್ರಶ್ನೆ, ವಾಸ್ಕೋದಿಂದ ಉತ್ತರ

ಮಳೆಗಾಲ ಕಳೆದು ಗೋವಾದ ಬಂದರು ಮುರ್ಮುಗಾವಿಗೆ ಪ್ರವಾಸಿ ಹಡಗುಗಳು ಬರಲು ಶುರುವಾದರೆ ಸಾಕು, ನನಗೆ ಪತ್ರಗಳೂ ಶುರು. ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಭಯದ್ದು. ಊರು ನೋಡಲು ಇಳಿದು ವಾಪಸ್ ಬರುವಷ್ಟರಲ್ಲಿ ಹಡಗು ಹೊರಟುಬಿಟ್ಟರೆ? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಲ್ಲಿ. ಊರು ಕಾರವಾರ. ನೌಕರಿ ಪೂರ್ತಿ ಇಲ್ಲೇ ವಾಸ್ಕೋದಲ್ಲಿ, ಹಡಗಿನ ಏಜೆಂಟರ ಆಫೀಸಿನಲ್ಲಿ. ಹಡಗು ಬಂದರಿಗೆ ಬಂದಾಗ ಅದಕ್ಕೆ ಬೇಕಾದ್ದನ್ನೆಲ್ಲ ನೋಡಿಕೊಳ್ಳುವವರು ನಾವು. ಕುಡಿಯುವ ನೀರು, ಕಾಗದಪತ್ರ, ಕಸ, ಡಾಕ್ಟರು. ಹಡಗು ತಪ್ಪಿಸಿಕೊಂಡವರೂ ನಮ್ಮ ಲೆಕ್ಕಕ್ಕೇ.

ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಟಿಕೆಟ್ ಮಾಡಿದ್ದೇವೆ. ಗೋವಾಕ್ಕೆ ಬೆಳಿಗ್ಗೆ 9ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದಂತೆ. ಒಂಬತ್ತು ಗಂಟೆ ಇದೆಯಲ್ಲ, ಓಲ್ಡ್ ಗೋವಾದ ಚರ್ಚುಗಳು, ಮಂಗೇಶಿ ದೇವಸ್ಥಾನ, ಕಲಂಗುಟ್ ಬೀಚ್ ಮೂರೂ ಆಗುತ್ತದಾ? (ಠಾಣೆಯ ಓದುಗರು)

ಮೊದಲು ಆ ಒಂಬತ್ತು ಗಂಟೆಯನ್ನೇ ನೋಡೋಣ.

9 ಅಂದರೆ ಹಡಗು ಕಟ್ಟೆಗೆ ತಾಗುವ ಹೊತ್ತು. ಹಗ್ಗ ಬಿಗಿಯಬೇಕು, ಏಣಿ ಇಳಿಸಬೇಕು, ಅಧಿಕಾರಿಗಳು ಹತ್ತಿ ಕಾಗದ ನೋಡಿ ಸೈ ಅನ್ನಬೇಕು. ಆಮೇಲೆ ಸಾವಿರಾರು ಜನ ಒಂದೇ ಬಾಗಿಲಿಂದ ಇಳಿಯಬೇಕು. ನೀವು ಬಂದರಿನ ಗೇಟಿನಾಚೆ ಟ್ಯಾಕ್ಸಿ ಹತ್ತುವಾಗ 10 ಆಗಿದ್ದರೆ ಅದೃಷ್ಟವಂತರು. ಇನ್ನು ಸಂಜೆಯ ಕಡೆ ಬನ್ನಿ. 6 ಅಂದರೆ ಹಡಗು ಬಿಡುವ ಹೊತ್ತು. ನೀವು ಒಳಗಿರಬೇಕಾದ ಹೊತ್ತು ಬೇರೆ. ಅದಕ್ಕೆ ಹಡಗಿನಲ್ಲಿ 'ಆಲ್ ಅಬೋರ್ಡ್' ಅನ್ನುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮೊದಲು. ಹಿಂದಿನ ರಾತ್ರಿ ರೂಮಿಗೆ ಬರುವ ದಿನಚರಿ ಹಾಳೆಯಲ್ಲಿ ಅಚ್ಚಾಗಿರುತ್ತದೆ, ಈಗ ಆಪ್‌ನಲ್ಲೂ ಬರುತ್ತದೆ. ನಿಮಗೆ 5.30 ಅಂದುಕೊಳ್ಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಮುರ್ಮುಗಾವು ಕಲ್ಲಿದ್ದಲು, ಕಬ್ಬಿಣದ ಅದಿರು ಏರಿಳಿಯುವ ಬಂದರು. ಗೇಟಿನಿಂದ ಹಡಗಿಗೆ ಸುಮ್ನೆ ನಡೆದುಕೊಂಡು ಹೋಗಲು ಬಿಡುವುದಿಲ್ಲ. ಗೇಟಿನಲ್ಲಿ ಸಿಐಎಸ್‌ಎಫ್‌ನವರು ಕಾರ್ಡ್ ನೋಡುತ್ತಾರೆ, ಬ್ಯಾಗ್ ನೋಡುತ್ತಾರೆ, ಆಮೇಲೆ ಒಳಗಿನ ಬಸ್ಸು. ಬಸ್ಸು ತುಂಬುವವರೆಗೆ ಕಾಯಬೇಕು. ಕೊನೇ ಒಂದು ಗಂಟೆಯಲ್ಲಿ ಎಲ್ಲರೂ ಒಟ್ಟಿಗೇ ಬರುತ್ತಾರೆ. ನನ್ನ ಮನೆಯವರಾಗಿದ್ದರೆ 4.30ಕ್ಕೆ ಗೇಟಿನಲ್ಲಿ ಟ್ಯಾಕ್ಸಿ ಇಳಿದಿರಿ ಅನ್ನುತ್ತಿದ್ದೆ. ನಿಮಗೂ ಅದೇ ಹೇಳುತ್ತೇನೆ. ಒಂಬತ್ತು ಗಂಟೆ ಈಗ ಆರೂವರೆ ಆಯಿತು, ನೋಡಿ.

ಈಗ ದಾರಿ. ಹಡಗಿನ ಜಾಹೀರಾತಿನಲ್ಲಿ 'ಗೋವಾ' ಅಂತಿರುತ್ತದೆ, ಇಳಿದರೆ ಪಣಜಿ ಎದುರಿಗಿರುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ. ಬಂದರು ಇರುವುದು ಝುವಾರಿ ನದಿ ಸಮುದ್ರ ಸೇರುವ ಕಡೆ, ವಾಸ್ಕೋ ಊರನ್ನೂ ದಾಟಿ ಭೂಮಿಯ ತುದಿಯಲ್ಲಿ. ಅಲ್ಲಿಂದ ಪಣಜಿ 30 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಕಲಂಗುಟ್ ಸುಮಾರು 45. ಝುವಾರಿ ಹೊಸ ಸೇತುವೆ 2022ರ ಡಿಸೆಂಬರಿನಲ್ಲಿ ಒಂದು ಕಡೆ, ಮರುವರ್ಷ ಡಿಸೆಂಬರಿನಲ್ಲಿ ಇನ್ನೊಂದು ಕಡೆ ತೆರೆದ ಮೇಲೆ ಎಷ್ಟೋ ವಾಸಿ. ಹಳೇ ಸೇತುವೆಯ ಕಾಲದಲ್ಲಿ ಕುಠ್ಠಾಳಿಯಲ್ಲಿ ಲಾರಿಯೊಂದು ಕೆಟ್ಟು ನಿಂತರೆ ನಮ್ಮ ಆಫೀಸಿನ ಫೋನಿಗೆ ಪುರುಸೊತ್ತಿರುತ್ತಿರಲಿಲ್ಲ. ಈಗ ಸಿಕ್ಕಿಹಾಕಿಕೊಳ್ಳುವ ಜಾಗ ದಾಬೋಳಿ ವಿಮಾನ ನಿಲ್ದಾಣದಿಂದ ವಾಸ್ಕೋ ಒಳಗೆ ಬರುವ ರಸ್ತೆ. ಸಂಜೆ ನಾಲ್ಕರ ಮೇಲೆ ಅಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ಕಲಂಗುಟ್ ಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು. ಹೋಗಿ ಬರಲು ಮೂರು ಮೂರೂವರೆ ಗಂಟೆ ಕಾರಿನಲ್ಲೇ ಕಳೆದು, ಮರಳಿನ ಮೇಲೆ ಗಡಿಯಾರ ನೋಡುತ್ತ ಕೂರುವುದರಲ್ಲಿ ಏನು ಸುಖ? ಸಮುದ್ರ ಬೇಕೇ ಬೇಕು ಅಂದರೆ ಬೋಗಮಾಳೋ ಇದೆ, ವಾಸ್ಕೋದಿಂದ ಹತ್ತು ಕಿಲೋಮೀಟರಿನೊಳಗೆ. ಬಾಯಿಣಾ ಬೀಚಂತೂ ಊರೊಳಗೇ.

ಗೇಟಿನಿಂದ ನೇರವಾಗಿ ಮಂಗೇಶಿಗೆ ಹೋಗಿ. ದೂರದ್ದನ್ನು ಮೊದಲು ಮುಗಿಸಬೇಕು. ಬರ್ಮುಡಾ ಹಾಕಿಕೊಂಡು ಹೋಗಬೇಡಿ, ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಓಲ್ಡ್ ಗೋವಾ ಹನ್ನೆರಡು ಹದಿಮೂರು ಕಿಲೋಮೀಟರು. ಬಾಮ್ ಜೀಸಸ್ ಮತ್ತು ಸೆ ಕೆಥೆಡ್ರಲ್ ರಸ್ತೆಯ ಆಚೆ ಈಚೆ ಇವೆ, ಒಂದೂಕಾಲು ಗಂಟೆ ಸಾಕು. ಭಾನುವಾರ ಬೆಳಿಗ್ಗೆ ಬಾಮ್ ಜೀಸಸ್‌ನಲ್ಲಿ ಪೂಜೆ ಇರುವುದರಿಂದ ಪ್ರವಾಸಿಗರಿಗೆ ತಡವಾಗಿ ಬಿಡುತ್ತಾರೆ. ನೀವು ಮಂಗೇಶಿ ಮುಗಿಸಿ ಬರುವಷ್ಟರಲ್ಲಿ ತೆರೆದಿರುತ್ತದೆ, ಚಿಂತೆಯಿಲ್ಲ. ಊಟ ಪಣಜಿಯಲ್ಲಿ ಮಾಡುವ ಆಸೆ ಇದ್ದರೂ ವಾಸ್ಕೋಗೇ ಬಂದುಬಿಡಿ. ಬಂದರಿನ ಹತ್ತಿರ ಬಂದಮೇಲೆ ತಿನ್ನುವ ಮೀನಿನ ರುಚಿಯೇ ಬೇರೆ, ಯಾಕೆಂದರೆ ಹೊಟ್ಟೆಯಲ್ಲಿ ತಳಮಳ ಇರುವುದಿಲ್ಲ. ಹೊತ್ತು ಉಳಿದರೆ ವಾಸ್ಕೋ ಮಾರ್ಕೆಟಿನಲ್ಲಿ ತಿರುಗಿ. ತರಕಾರಿಯವಳು ಕನ್ನಡದಲ್ಲೇ ಚೌಕಾಸಿ ಮಾಡಿದರೆ ಆಶ್ಚರ್ಯಪಡಬೇಡಿ. ಇಲ್ಲಿ ಉತ್ತರ ಕರ್ನಾಟಕದವರು ಅಷ್ಟು ಜನ ಇದ್ದೇವೆ.

ಟ್ಯಾಕ್ಸಿ ಬಗ್ಗೆ ಒಂದು ಮಾತು. ಮುಂಬಯಿಯಲ್ಲಿ ಫೋನ್ ಒತ್ತಿದ ಹಾಗೆ ಇಲ್ಲಿ ಓಲಾ, ಊಬರ್ ಬರುವುದಿಲ್ಲ, ಅವು ಗೋವಾದಲ್ಲಿ ಓಡುವುದೇ ಇಲ್ಲ. ಹೋಗುವಾಗ ಒಂದು, ಬರುವಾಗ ಇನ್ನೊಂದು ಅಂತ ನಂಬಿಕೊಂಡರೆ ಓಲ್ಡ್ ಗೋವಾದ ಬಿಸಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಬೆಳಿಗ್ಗೆ ಹತ್ತಿದ ಗಾಡಿಯನ್ನೇ ಸಂಜೆವರೆಗೆ ಮಾತಾಡಿಕೊಳ್ಳಿ. ಡ್ರೈವರಿಗೆ ಹಡಗು 6ಕ್ಕೆ ಅಂತ ಹೇಳಬೇಡಿ. 4.30ಕ್ಕೆ ಗೇಟಿನಲ್ಲಿರಬೇಕು ಅಂತ ಹೇಳಿ. 6 ಅಂದರೆ ಅವನು 6ರಿಂದ ಹಿಂದಕ್ಕೆ ಎಣಿಸುತ್ತಾನೆ, ಅವನ ಲೆಕ್ಕದಲ್ಲಿ ಗೇಟು, ಬಸ್ಸು, ಸಾಲು ಯಾವುದೂ ಇರುವುದಿಲ್ಲ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಅವತ್ತು ಓಲ್ಡ್ ಗೋವಾ ಕಡೆ ತಲೆ ಹಾಕಬೇಡಿ. ಕಾರ್ನಿವಲ್‌ನ ನಾಲ್ಕು ದಿನಗಳಲ್ಲಿ ಒಂದು ದಿನ ಮೆರವಣಿಗೆ ವಾಸ್ಕೋದಲ್ಲೇ ನಡೆಯುತ್ತದೆ, ಮಧ್ಯಾಹ್ನದಿಂದ ರಸ್ತೆ ಬಂದ್. ನಿಮ್ಮ ಹಡಗು ಆ ದಿನ ಬಂದರೆ ಊಟಕ್ಕೆ ಮೊದಲೇ ಊರೊಳಗೆ ಬಂದಿರಿ.

ಟಿಕೆಟ್ಟಿಗೆ ಅಷ್ಟು ದುಡ್ಡು ತೆಗೆದುಕೊಂಡು, ಇಬ್ಬರು ಹತ್ತು ನಿಮಿಷ ತಡ ಮಾಡಿದರೆ ಹಡಗು ಕಾಯಬಾರದಾ? ನಿಜವಾಗಿ ಬಿಟ್ಟು ಹೋಗುತ್ತಾರಾ, ಸುಮ್ನೆ ಹೆದರಿಸುತ್ತಾರಾ? (ಚಿಂಚವಡದ ಓದುಗರು)

ಬಿಟ್ಟು ಹೋಗುತ್ತಾರೆ. ನಾನೇ ಕಟ್ಟೆಯ ಮೇಲೆ ನಿಂತು ನೋಡಿದ್ದೇನೆ.

ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಆದರೆ 'ಒಬ್ರು ಅಮ್ಮ ಬರ್ಬೇಕು ತಡೀರಿ' ಅಂತ ಸೀಟಿ ಊದುತ್ತಾನೆ. ಹಡಗಿನಲ್ಲಿ ಕ್ಯಾಪ್ಟನ್ ಒಬ್ಬನೇ ಮನಸ್ಸು ಮಾಡಿದರೆ ಆಗುವುದಿಲ್ಲ. ಹಡಗಿಗೆ ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಇಂಥ ಹೊತ್ತಿಗೆ ಬರುತ್ತಾನೆ ಅಂತ ಮೊದಲೇ ಗೊತ್ತಾಗಿರುತ್ತದೆ. ದೊಡ್ಡ ಹಡಗನ್ನು ಎಳೆಯುವ, ನೂಕುವ ಟಗ್ ದೋಣಿಗಳು ಬಂದು ನಿಂತಿರುತ್ತವೆ. ಆ ಜಾಗಕ್ಕೆ ಬರಬೇಕಾದ ಇನ್ನೊಂದು ಹಡಗು ಹೊರಗೆ ಲಂಗರು ಹಾಕಿ ಕಾಯುತ್ತಿರಬಹುದು. ಕೆಲವು ಬಂದರುಗಳಲ್ಲಿ ಉಬ್ಬರದ ನೀರು ಇರುವಷ್ಟೇ ಹೊತ್ತು ದೊಡ್ಡ ಹಡಗಿಗೆ ದಾರಿ. ಅದು ತಪ್ಪಿದರೆ ಮತ್ತೆ ಗಂಟೆಗಟ್ಟಲೆ.

ತಡವಾಗಿ ಹೊರಟು ಮುಂದೆ ಜೋರಾಗಿ ಓಡಿಸಿದರಾಯಿತು ಅನ್ನುತ್ತೀರಿ. ನೀರಿನಲ್ಲಿ ಹಾಗಲ್ಲ. ವೇಗ ಶೇಕಡಾ 10 ಜಾಸ್ತಿ ಮಾಡಲು ಇಂಜಿನ್ನಿನ ಶಕ್ತಿ ಶೇಕಡಾ 30ಕ್ಕೂ ಜಾಸ್ತಿ ಬೇಕಾಗುತ್ತದೆ. ಅಷ್ಟೂ ಎಣ್ಣೆ ಸುಡಬೇಕು. ಎರಡು ಸಾವಿರ ಜನರ ನಾಳೆಯ ಬೆಳಿಗ್ಗೆ ನಿಮ್ಮಿಬ್ಬರ ಹತ್ತು ನಿಮಿಷಕ್ಕೆ ಕಟ್ಟಿಕೊಂಡಿರುತ್ತದೆ.

ಹಾಗಂತ ಹೇಳದೆ ಕೇಳದೆ ಹೋಗುವುದೂ ಇಲ್ಲ. ನೀವು ಇಳಿಯುವಾಗ, ಹತ್ತುವಾಗ ಬಾಗಿಲಲ್ಲಿ ಕಾರ್ಡ್ ತೋರಿಸುತ್ತೀರಲ್ಲ, 'ಟಿಂಗ್' ಅನ್ನುತ್ತದಲ್ಲ, ಆ ಲೆಕ್ಕದಿಂದ ಯಾರು ಒಳಗಿಲ್ಲ ಅಂತ ಒಂದು ಪಟ್ಟಿ ಬರುತ್ತದೆ. ರೂಮ್ ನಂಬರು ಹೇಳಿ ಮೈಕಿನಲ್ಲಿ ಕೂಗುತ್ತಾರೆ. ರೂಮಿಗೆ ಫೋನ್ ಮಾಡುತ್ತಾರೆ. ಕಾರ್ಡ್ ಸರಿಯಾಗಿ ಓದದೆ, ಒಳಗೇ ಮಲಗಿರುವವರೂ ಇರುತ್ತಾರೆ. ಇಲ್ಲ ಅಂತ ಖಾತ್ರಿಯಾದರೆ ಸಿಬ್ಬಂದಿ ಜೋಡಿಯಾಗಿ ಹೋಗಿ ರೂಮಿನ ಲಾಕರ್ ತೆರೆದು ಪಾಸ್‌ಪೋರ್ಟ್ ತೆಗೆಯುತ್ತಾರೆ. ಅದು ಲಕೋಟೆಯಲ್ಲಿ ಕೆಳಗೆ ಬರುತ್ತದೆ. ಏಣಿ ಎತ್ತುವ ಮೊದಲು ನಮ್ಮ ಕೈಗೆ ಕೊಡುತ್ತಾರೆ, ನಾವು ಸಹಿ ಹಾಕುತ್ತೇವೆ. ಲಕೋಟೆ ಕಟ್ಟೆಗೆ ಬಂತು ಅಂದರೆ ಹಡಗು ನಿಮ್ಮನ್ನು ಬಿಟ್ಟಿತು ಅಂತಲೇ.

ಒಂದು ಸಂಜೆ ಅಂಥ ಲಕೋಟೆ ಹಿಡಿದು ನಿಂತಿದ್ದೆ. ಹಗ್ಗ ಬಿಚ್ಚಿ ಆಗಿತ್ತು. ಹಡಗಿಗೂ ಕಟ್ಟೆಗೂ ನಡುವೆ ಒಂದು ಲಾರಿ ಉದ್ದದಷ್ಟು ನೀರು, ಅದರಲ್ಲಿ ಟಗ್ ಎಬ್ಬಿಸಿದ ಕೆಸರು ನೊರೆ. ಆಗ ಬಂದರು ಗಂಡ ಹೆಂಡತಿ. ಕಾಲಿಗೆಲ್ಲ ಮರಳು, ಅವನ ಕೈಯಲ್ಲಿ ಗೋಡಂಬಿಯ ಎರಡು ಚೀಲ, ಅವಳ ಚಪ್ಪಲಿ ಕೈಯಲ್ಲೇ. 'ಇಷ್ಟು ಹತ್ತಿರ ಇದೆಯಲ್ಲ ಸಾರ್' ಅಂದಳು ಆಕೆ. ಹತ್ತಿರ ಇತ್ತು, ನಿಜ. ಮೇಲಿನ ಬಾಲ್ಕನಿಯಲ್ಲಿದ್ದವರ ಮುಖ ಕಾಣುವಷ್ಟು. ಅವನು ಪೈಲಟ್ ದೋಣಿ ತೋರಿಸಿ ಕೇಳಿದ: ಪೈಲಟ್ಟನ್ನು ಕರೆದುಕೊಂಡು ಬರಲು ಅದು ಹೋಗುತ್ತದಲ್ಲ, ನಾವೂ ಅದರಲ್ಲಿ ಹೋದರೆ? ತುಂಬ ಜನ ಇದನ್ನೇ ಕೇಳುತ್ತಾರೆ. ಪೈಲಟ್ ಇಳಿಯುವುದು ಓಡುತ್ತಿರುವ ಹಡಗಿನ ಪಕ್ಕೆಯಲ್ಲಿ ನೇತುಹಾಕಿದ ಹಗ್ಗದ ಏಣಿಯಿಂದ, ಅಲೆಗೆ ಏರಿಳಿಯುವ ದೋಣಿಗೆ. ಅಭ್ಯಾಸ ಇದ್ದವರೂ ಅಲ್ಲಿ ಜಾರಿ ಸತ್ತಿದ್ದಾರೆ. ಪ್ರವಾಸಿಗರನ್ನು ಅದರಲ್ಲಿ ಹತ್ತಿಸುವುದಿಲ್ಲ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹಡಗು ಮೂತಿ ತಿರುಗಿಸಿಯಾಗಿತ್ತು.

ಹೊರಗಿನ ಉದಾಹರಣೆಯೂ ಇದೆ. 2024ರ ಮಾರ್ಚ್ ಕೊನೆಯಲ್ಲಿ 'ನಾರ್ವೇಜಿಯನ್ ಡಾನ್' ಅನ್ನುವ ಹಡಗು ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಎಂಟು ಜನರನ್ನು ಬಿಟ್ಟು ಹೊರಟಿತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅವರು ತಾವಾಗಿ ಮಾಡಿಕೊಂಡ ಟೂರಿಗೆ ಹೋಗಿದ್ದರು. ಅಲ್ಲಿನ ಕರಾವಳಿ ಕಾವಲಿನವರು ದೋಣಿಯಲ್ಲಿ ಹಡಗಿನ ಹತ್ತಿರದವರೆಗೂ ಕರೆದೊಯ್ದರು. ಹತ್ತಿಸಿಕೊಳ್ಳಲಿಲ್ಲ. ಪಾಸ್‌ಪೋರ್ಟುಗಳು ಏಜೆಂಟರ ಕೈಗೆ ಬಂದಿದ್ದವು. ಮುಂದಿನ ನಿಲುಗಡೆ ಗ್ಯಾಂಬಿಯಾದಲ್ಲಿ ಹತ್ತೋಣ ಅಂತ ಎಷ್ಟೋ ದೇಶ ಸುತ್ತಿ ಹೋದರೆ, ಇಳಿತದಲ್ಲಿ ನೀರಿನ ಆಳ ಸಾಲದೆ ಹಡಗು ಅಲ್ಲಿ ನಿಲ್ಲಲೇ ಇಲ್ಲ. ಕೊನೆಗೆ ಸೆನೆಗಲ್‌ನ ಡಾಕಾರಿನಲ್ಲಿ ಹಿಡಿದರು.

ಸಿಂಗಪುರದಿಂದ ಪಿನಾಂಗ್, ಫುಕೆಟ್ ಮಾಡುವ ಹಡಗಿಗೆ ಹೋಗುತ್ತಿದ್ದೇವೆ. ನಮ್ಮ ಮಗ 'ಅಪ್ಪಾ, ಫೋನಿನ ಟೈಮ್ ನಂಬಬೇಡಿ' ಅನ್ನುತ್ತಾನೆ. ಯಾಕೆ? (ಮುಲುಂಡಿನ ಓದುಗರು)

ಮಗ ಜಾಣ. ಫುಕೆಟ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದ ಕೂಡಲೇ ಫೋನು ಅಲ್ಲಿನ ಟವರ್ ಹಿಡಿದು ತಾನಾಗಿ ಥಾಯ್ಲೆಂಡ್ ಟೈಮಿಗೆ ಹೋಗುತ್ತದೆ. ಹಡಗು ಸಿಂಗಪುರದ ಟೈಮಿನಲ್ಲೇ ಉಳಿದಿದ್ದರೆ? ನಿಮ್ಮ ಫೋನು 4.30 ತೋರಿಸುವಾಗ ಹಡಗಿನಲ್ಲಿ 5.30. ನೀವು ಇನ್ನೂ ಒಂದು ಗಂಟೆ ಇದೆ ಅಂತ ಎಳನೀರು ಕುಡಿಯುತ್ತಿರುತ್ತೀರಿ.

ಕೆಲವು ಹಡಗುಗಳು ರಾತ್ರಿ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ದಿನಚರಿ ಹಾಳೆಯಲ್ಲಿ ಬರೆದಿರುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ, ಇಳಿಯುವಾಗ ಬಾಗಿಲಲ್ಲಿ ನಿಂತವರನ್ನೇ ಕೇಳಿ: ಈಗ ಹಡಗಿನಲ್ಲಿ ಗಂಟೆ ಎಷ್ಟು? ಆ ಗಂಟೆಗೆ ಕೈಗಡಿಯಾರ ಇಟ್ಟುಕೊಳ್ಳಿ. ಮುಳ್ಳಿನ ಹಳೇ ಗಡಿಯಾರ ಬೀರುವಿನಲ್ಲಿ ಬಿದ್ದಿರುತ್ತದಲ್ಲ, ಅದನ್ನು ತೆಗೆಯಿರಿ. ಸ್ಮಾರ್ಟ್‌ವಾಚು ಫೋನಿನ ಮಾತನ್ನೇ ಕೇಳುತ್ತದೆ, ಅದು ಬೇಡ. ಫೋನೇ ಬೇಕು ಅಂದರೆ ಸೆಟ್ಟಿಂಗಿನಲ್ಲಿ ತಾನಾಗಿ ಟೈಮ್ ಬದಲಾಗುವುದನ್ನು ಆಫ್ ಮಾಡಿ.

ಪಿನಾಂಗಿನಲ್ಲಿ ಈ ತಲೆಬಿಸಿ ಇಲ್ಲ, ಸಿಂಗಪುರದ್ದೇ ಟೈಮು. ಮುಂಬಯಿ, ಗೋವಾ, ಕೊಚ್ಚಿ, ಕೊಲಂಬೊ ಸುತ್ತುವವರಿಗೂ ಇಲ್ಲ. ದುಬೈ ಕಡೆಯಿಂದ ಬರುವವರು ಮಾತ್ರ ಒಂದೂವರೆ ಗಂಟೆಯ ವ್ಯತ್ಯಾಸ ನೆನಪಿಡಿ.

ಹಡಗಿನವರ ಟೂರಿಗೆ ಹೊರಗಿನದಕ್ಕಿಂತ ಎರಡು ಪಟ್ಟು ಕೇಳುತ್ತಾರೆ. ರೋಮ್ ನೋಡಲು ನಾವೇ ರೈಲಿನಲ್ಲಿ ಹೋದರೆ ಆಗದಾ? (ಪುಣೆ, ಕೋಥರೂಡಿನ ಓದುಗರು)

ಹಡಗಿನವರ ಟೂರಿನ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹಡಗು ಕಾಯುತ್ತದೆ. ಕಾಯಲು ಆಗಲೇ ಇಲ್ಲ ಅಂದರೆ ಮುಂದಿನ ಬಂದರಿಗೆ ಅವರ ಖರ್ಚಿನಲ್ಲೇ ಕಳಿಸುತ್ತಾರೆ. ನೀವು ಕೊಡುವ ಜಾಸ್ತಿ ದುಡ್ಡು ಇದಕ್ಕೆ, ಗೈಡಿನ ಇಂಗ್ಲಿಷಿಗೆ ಅಲ್ಲ.

ಆದ್ದರಿಂದ ಊರು ನೋಡಿ ತೀರ್ಮಾನ ಮಾಡಿ. ನೇಪಲ್ಸಿನಲ್ಲಿ ಹಡಗಿನಿಂದ ಇಳಿದರೆ ಊರೇ ಎದುರಿಗೆ, ಕೋಟೆ ಕಾಣುತ್ತದೆ, ನಡೆದು ಹೋಗಿ ನಡೆದು ಬನ್ನಿ. ಅಲ್ಲಿ ಟೂರಿಗೆ ದುಡ್ಡು ಯಾಕೆ? ರೋಮ್ ಹಾಗಲ್ಲ. ಹಡಗು ನಿಲ್ಲುವುದು ಚಿವಿತವೆಕ್ಕಿಯಾದಲ್ಲಿ, ರೋಮಿಗೆ ಅಲ್ಲಿಂದ 70 ಕಿಲೋಮೀಟರಿನ ಮೇಲೆ. ಹಡಗಿನಿಂದ ಬಂದರಿನ ಬಸ್ಸು, ಅದು ಇಳಿಸುವ ಲಾರ್ಗೊ ದೆಲ್ಲಾ ಪಾಚೆಯಿಂದ ಸ್ಟೇಷನ್ನಿಗೆ ಇನ್ನೊಂದು, ಆಮೇಲೆ ಸುಮಾರು ಒಂದು ಗಂಟೆ ರೈಲು. ವಾಪಸ್ ಬರುವಾಗ ಇದೇ ಸರಪಳಿ ತಿರುಗಾ ಮುರುಗಾ. ಮೂರರಲ್ಲಿ ಒಂದು ಕೈಕೊಟ್ಟರೂ ಕೆಟ್ಟಿತು. ಇಟಲಿಯ ರೈಲಿನವರು ಮುಷ್ಕರ ಮಾಡುವುದೂ ಅಪರೂಪವಲ್ಲ. ಮೊದಲೇ ಹೇಳಿ ಮಾಡುತ್ತಾರೆ, ಅದು ಅವರ ದೊಡ್ಡತನ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ಲೋಕಲ್ ರೈಲು ಓಡಿಸುತ್ತಾರೆ. ನಿಮಗೆ ವಾಪಸ್ ಬೇಕಾಗುವುದು ಮಧ್ಯಾಹ್ನ ಮೂರಕ್ಕೆ. ಹೋಗಲು ರೈಲು ಸಿಕ್ಕಿತು ಅಂತ ಹಿಗ್ಗಬೇಡಿ.

ಗಟ್ಟಿ ಕಾಲು, ಗಟ್ಟಿ ಗುಂಡಿಗೆ, ಎರಡು ಗಂಟೆಗೇ ರೋಮ್ ಬಿಡುವ ಶಿಸ್ತು ಇದ್ದರೆ ರೈಲಿನಲ್ಲಿ ಹೋಗಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಹಡಗಿನ ಬಸ್ಸಿಗೇ ದುಡ್ಡು ಕಟ್ಟಿ.

ಹೊರಗಿನ ಟೂರಿನವರು 'ಹಡಗಿಗೆ ಮುಟ್ಟಿಸುವ ಗ್ಯಾರಂಟಿ' ಅಂತ ಬರೆದಿರುತ್ತಾರೆ. ಕೆಳಗಿನ ಸಣ್ಣ ಅಕ್ಷರ ಓದಿ. ತಪ್ಪಿದರೆ ಮುಂದಿನ ಬಂದರಿಗೆ ಕಳಿಸುತ್ತೇವೆ ಅನ್ನುವುದೇ ಬಹುಪಾಲು ಅದರ ತಾತ್ಪರ್ಯ. ನಿಮ್ಮ ಪಾಸ್‌ಪೋರ್ಟಿಗೆ ಮುಂದಿನ ದೇಶದ ವೀಸಾ ಇಲ್ಲದಿದ್ದರೆ ಅವರು ತಾನೇ ಏನು ಮಾಡಿಯಾರು?

ನನ್ನ ತಂಗಿಯ ಕುಟುಂಬ ದುಬೈಯಿಂದ ಹಡಗಿನಲ್ಲಿ ಬರುತ್ತಿದೆ. ಮುಂಬಯಿಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 6. ಮನೆಗೆ ಊಟಕ್ಕೆ ಕರೆಯಬೇಕು ಅಂತ ಆಸೆ. ದಿನ ಭಾನುವಾರ, ರಸ್ತೆ ಖಾಲಿ ಇರುತ್ತದಲ್ಲ? (ಡೊಂಬಿವಲಿಯ ಓದುಗರು)

ತಾಯಿ, ಭಾನುವಾರ ಅಂದ ಕೂಡಲೇ ನನಗೆ ಲೋಕಲ್ ರೈಲಿನ ಹಳಿ ರಿಪೇರಿಯ ಮೆಗಾಬ್ಲಾಕ್ ನೆನಪಾಯಿತು. ಡೊಂಬಿವಲಿಯವರಿಗೆ ನಾನು ಬಿಡಿಸಿ ಹೇಳಬೇಕಾ?

ಹೊರದೇಶದಿಂದ ಬರುವ ಹಡಗಾದ್ದರಿಂದ ಇಮಿಗ್ರೇಷನ್ ಮುಗಿಸಿ ಹಡಗು ನಿಲ್ಲುವ ಬಲ್ಲಾರ್ಡ್ ಪಿಯರಿನಿಂದ ಹೊರಬರುವಾಗ ಹತ್ತು ಗಂಟೆ ಆದರೂ ಆಯಿತು. ಸಿಎಸ್‌ಎಂಟಿ ರೈಲು ನಿಲ್ದಾಣ ಹತ್ತಿರವೇ ಇದೆ. ಅಲ್ಲಿಂದ ಫಾಸ್ಟ್ ಲೋಕಲ್ ಒಂದು ಗಂಟೆಯ ಮೇಲೆ. ಬ್ಲಾಕ್ ದಿನ ಫಾಸ್ಟ್ ಗಾಡಿಯೂ ಸ್ಲೋ ಹಳಿಗೆ ಬಿದ್ದು ತೆವಳುತ್ತದೆ. ಬಡಿಸಿ, ತಿಂದು, ಫೋಟೋ ತೆಗೆದು, ಅರಿಶಿನ ಕುಂಕುಮ ಕೊಟ್ಟು, ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡಿ... ನಮ್ಮವರ ಮನೆಯಿಂದ ಹೊರಡುವುದು ಗೊತ್ತಿದ್ದದ್ದೇ. ಬೇಡ.

ನೀವೇ ಹೋಗಿ. ಮಾಟುಂಗಾದಲ್ಲಿ ಕೂಡಿಕೊಳ್ಳಿ. ಅವರು ಸಿಎಸ್‌ಎಂಟಿಯಿಂದ ಟ್ಯಾಕ್ಸಿಯಲ್ಲಿ ಬರಲಿ, ನೀವು ದಾದರಿನಲ್ಲಿ ಇಳಿದು ಬನ್ನಿ. ಮಾಟುಂಗಾ ಸ್ಟೇಷನ್ನಿನ ಸುತ್ತ ಉಡುಪಿ ಹೋಟೆಲುಗಳಿವೆ, ಬಾಳೆಲೆ ಊಟವೂ ಸಿಗುತ್ತದೆ. ಭಾನುವಾರ ಸಾಲು ಇರುತ್ತದೆ, ಹನ್ನೊಂದೂವರೆಗೇ ನಿಂತುಬಿಡಿ. ಊಟ ಆದ ಮೇಲೆ 1926ರಿಂದ ಇರುವ ಮೈಸೂರು ಅಸೋಸಿಯೇಷನ್ನಿನ ಕಟ್ಟಡ ಮಕ್ಕಳಿಗೆ ತೋರಿಸಿ. ಮೂರಕ್ಕೆ ಅವರನ್ನು ಟ್ಯಾಕ್ಸಿ ಹತ್ತಿಸಿ. ಅಂಜೂರದ ಒಬ್ಬಟ್ಟು, ಹುಳಿ ಅಂತ ಡಬ್ಬಿ ಕಟ್ಟಿಕೊಡಬೇಡಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ, ಬಾಗಿಲಲ್ಲೇ ತೆಗೆಸಿಬಿಡುತ್ತಾರೆ.

ಜನವರಿಯ ಮೂರನೇ ಭಾನುವಾರವಾ ಅಂತ ಒಮ್ಮೆ ನೋಡಿಕೊಳ್ಳಿ. ಸಾಮಾನ್ಯವಾಗಿ ಅವತ್ತೇ ಮುಂಬಯಿ ಮ್ಯಾರಥಾನ್. ದಕ್ಷಿಣ ಮುಂಬಯಿಯ ರಸ್ತೆಗಳೆಲ್ಲ ಓಟಗಾರರ ಪಾಲು. ಇನ್ನು ತಂಗಿಯ ಮಕ್ಕಳು ಎಲಿಫೆಂಟಾ ಅಂತ ಹಟ ಹಿಡಿದರೆ ಒಪ್ಪಬೇಡಿ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಮೆಟ್ಟಿಲು, ಬರುವಾಗ ದೋಣಿಗೆ ಸಾಲು. ಆ ದ್ವೀಪದಿಂದ ಅವಸರದಲ್ಲಿ ಬರಲು ಬೇರೆ ದಾರಿಯೇ ಇಲ್ಲ.

ಅಮ್ಮನಿಗೆ ಮಂಡಿ ನೋವು. ಲಕ್ಷದ್ವೀಪದ ಹಡಗಿಗೆ ಕರೆದೊಯ್ಯಬಹುದಾ? (ಮಡಗಾಂವದ ಓದುಗರು)

ಹಡಗಿಗೆ ಧಾರಾಳವಾಗಿ. ದ್ವೀಪಕ್ಕೆ ಇಳಿಸುವ ಮೊದಲು ಯೋಚಿಸಿ. ಅಗತ್ತಿಯಲ್ಲಿ ದೊಡ್ಡ ಹಡಗು ಕಟ್ಟೆಗೆ ಬರುವುದಿಲ್ಲ, ಹೊರಗೆ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಇಳಿದು ಹೋಗಬೇಕು. ಹಡಗಿನ ಪಕ್ಕೆಯ ಬಾಗಿಲಿಂದ ದೋಣಿಗೆ ಕಾಲಿಡುವಾಗ ದೋಣಿ ಒಮ್ಮೆ ಮೇಲೆ ಒಮ್ಮೆ ಕೆಳಗೆ. ಇಬ್ಬರು ರಟ್ಟೆ ಹಿಡಿದು ಇಳಿಸುತ್ತಾರೆ, ಆದರೂ ಕಾಲು ನಿಮ್ಮದೇ ಎತ್ತಬೇಕು. ಇಂಥ ಕಡೆ ಹಡಗು ಹೊರಡುವ ಹೊತ್ತನ್ನು ಮರೆತುಬಿಡಿ. ಕೊನೇ ದೋಣಿ ಎಷ್ಟಕ್ಕೆ ಅನ್ನುವುದೇ ನಿಮ್ಮ ಲೆಕ್ಕ, ಅದು ತುಂಬ ಮೊದಲೇ ಇರುತ್ತದೆ. ಅಮ್ಮ ಜೊತೆಗಿದ್ದರೆ ಕೊನೆಯದಕ್ಕಿಂತ ಎರಡು ದೋಣಿ ಮೊದಲು ಬನ್ನಿ. ಕೊನೆಯದರಲ್ಲಿ ನೂಕುನುಗ್ಗಲು, ಅಷ್ಟು ಹೊತ್ತಿಗೆ ಗಾಳಿಯೂ ಏಳಬಹುದು.

ಇಷ್ಟೆಲ್ಲ ಮಾಡಿಯೂ ಹಡಗು ತಪ್ಪಿದರೆ ಏನು ಮಾಡಬೇಕು? (ಪೊಂಡಾದ ಓದುಗರು)

ತಪ್ಪಬಹುದು ಅಂತ ಅನುಮಾನ ಬಂದ ಕೂಡಲೇ ಫೋನ್ ಮಾಡಿ. ತಪ್ಪಿದ ಮೇಲಲ್ಲ. ದಿನಚರಿ ಹಾಳೆಯಲ್ಲಿ ಆ ಊರಿನ ಏಜೆಂಟರ ನಂಬರು ಇರುತ್ತದೆ. ಬೆಳಿಗ್ಗೆ ಇಳಿಯುವಾಗ ಆ ಹಾಳೆಯ ಫೋಟೋ ತೆಗೆದುಕೊಂಡಿರಿ. ಇನ್ನೂ ಹದಿನೈದು ನಿಮಿಷದ ದಾರಿ ಇದೆ ಅಂತ ಗೊತ್ತಾದರೆ ನಮ್ಮವರು ಹಡಗಿಗೆ ಹೇಳುತ್ತಾರೆ. ಏಣಿ ಇನ್ನೂ ಎತ್ತಿಲ್ಲದಿದ್ದರೆ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಿಮ್ಮನ್ನು ಬೇಗ ಒಳಗೆ ಕರೆದುಕೊಳ್ಳಬಹುದು. ಹಾಗೆ ಹತ್ತಿದವರು ಬೇಕಾದಷ್ಟು ಜನ. ಸುದ್ದಿಯೇ ಇಲ್ಲದವರಿಗೆ ಯಾರು ಏನು ಮಾಡಲು ಸಾಧ್ಯ?

ತಪ್ಪಿಯೇ ಹೋಯಿತು ಅಂದರೆ ನೇರ ಬಂದರಿಗೇ ಬನ್ನಿ. ಲಕೋಟೆ ಇಲ್ಲಿರುತ್ತದೆ. ಮುಂಬಯಿ-ಗೋವಾ ಹಡಗಿನವರಾದರೆ ಗಾಬರಿ ಬೇಡ, ಸ್ವದೇಶದಲ್ಲೇ ಇದ್ದೀರಿ. ಮಡಗಾಂವಿನಿಂದ ಸಂಜೆ ಹೊರಡುವ ಕೊಂಕಣ ಕನ್ಯಾ ರೈಲು ಬೆಳಗಿನ ಜಾವ ಸಿಎಸ್‌ಎಂಟಿ ಮುಟ್ಟುತ್ತದೆ. ಸೀಟು ಸಿಕ್ಕರೆ ಹಡಗಿಗಿಂತ ಮೊದಲೇ ನೀವು ಮುಂಬಯಿಯಲ್ಲಿರುತ್ತೀರಿ. ಸಾಮಾನನ್ನು ಹಡಗಿನವರೇ ಕಟ್ಟಿ ಟರ್ಮಿನಲ್ಲಿನಲ್ಲಿ ಕೊಡುತ್ತಾರೆ. ಖರ್ಚು ನಿಮ್ಮದು. ಬೇರೆ ಕಾರಣಕ್ಕೆ ವಿಮೆ ಕೊಡಬಹುದು, ಬೀಚಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂದರೆ ಯಾವ ವಿಮೆಯವರೂ ಕಿವಿಗೊಡುವುದಿಲ್ಲ.

ಒಂದು ವಿಷಯ ಮಾತ್ರ ಯಾರೂ ಲಕೋಟೆಯಲ್ಲಿ ಸರಿಯಾಗಿ ಹಾಕಿ ಕಳಿಸಲಾರರು: ಮಾತ್ರೆ. ಬಿಪಿ, ಸಕ್ಕರೆ ಕಾಯಿಲೆಯವರು ಇಳಿಯುವಾಗ ಎರಡು ದಿನದ ಮಾತ್ರೆ ಜೇಬಿನಲ್ಲೇ ಇಟ್ಟುಕೊಳ್ಳಿ. ಹಡಗು ಹೋದ ರಾತ್ರಿ ವಾಸ್ಕೋದ ಮೆಡಿಕಲ್ ಅಂಗಡಿಗಳಲ್ಲಿ 'ಬಿಳೀ ಬಣ್ಣದ್ದು, ಸಣ್ಣದು, ಮಧ್ಯೆ ಗೆರೆ ಇದೆ' ಅಂತ ವಿವರಿಸುವವರ ಜೊತೆ ನಾನು ತುಂಬ ಅಲೆದಿದ್ದೇನೆ.

ತಡವಾಗಿ ಓಡಿ ಬರುವವರಿಗೆ ಡೆಕ್ಕಿನ ಮೇಲಿನವರು ಚಪ್ಪಾಳೆ ತಟ್ಟುತ್ತಾರಂತೆ, ಹೌದಾ? (ಅಂಧೇರಿಯ ಓದುಗರು)

ಹೌದು. ಸೀಟಿಯನ್ನೂ ಹೊಡೆಯುತ್ತಾರೆ, ವಿಡಿಯೊ ಮಾಡುತ್ತಾರೆ. ಅದನ್ನು ನೋಡುತ್ತ ಮೇಲೆ ಮುಖ ಮಾಡಿ ಓಡಬೇಡಿ. ಕಟ್ಟೆಯ ಮೇಲೆ ಹಗ್ಗ ಕಟ್ಟುವ ಕಬ್ಬಿಣದ ಗೂಟಗಳಿರುತ್ತವೆ, ನೆಲದ ಮೇಲೆ ಎಣ್ಣೆ ಇರುತ್ತದೆ, ಏಣಿಯ ಹಲಗೆ ಒದ್ದೆ ಇರುತ್ತದೆ. ಅಷ್ಟು ಹತ್ತಿರ ಬಂದವರನ್ನು ಕಂಡ ಮೇಲೆ ಒಂದು ನಿಮಿಷ ತಡೆಯುತ್ತಾರೆ. ನಡೆದುಕೊಂಡೇ ಬನ್ನಿ, ಕಾರ್ಡ್ ಕೈಯಲ್ಲಿ ಹಿಡಿದಿರಿ.